ಇನ್ನೂರು ಅಡಿ

ಹಲ್ ಬಂದರಿನ ಹಳೇ ಹೊಗೆಮನೆ ನಮ್ಮ ಸ್ಟುಡಿಯೊ.
ಮೊದಲು ಅಲ್ಲಿ ಹೆರಿಂಗ್ ಮೀನು ತೂಗುತ್ತಿದ್ದವು,
ಆಮೇಲೆ ಮೈಕು.
ಗೋಡೆಗೆ ಎಷ್ಟು ಮೊಟ್ಟೆಯ ಟ್ರೇ ಬಡಿದರೂ
ಥಂಡಿ ಹಿಡಿದ ದಿನ ವಾಸನೆ ಏಳುತ್ತಿತ್ತು,
ಹಾಡಲು ಬಂದವರು ತಮ್ಮ ಅಂಗಿ ತಾವೇ ಮೂಸಿಕೊಳ್ಳುತ್ತಿದ್ದರು.

ಟೇಪು ಸುತ್ತುವುದು, ಚಹಾ ಕಾಸುವುದು,
ಹೇಳಿದಲ್ಲಿ ಬ್ಲೇಡು ಎಳೆಯುವುದು ನನ್ನ ಕೆಲಸ.
ಇಸವಿ ಎಂಬತ್ಮೂರು. ನನಗೆ ಹತ್ತೊಂಬತ್ತು.

ನಾಲ್ವರು ಬಂದರು. ಕಾಡ್ ಎಂಡ್ ಅಂತ ಹೆಸರು:
ಬಲೆಯ ಕೊನೆಯ ಚೀಲ,
ಸಿಕ್ಕಿದ್ದೆಲ್ಲ ಬಂದು ಬೀಳುವ ಜಾಗ.
ಲಂಡನ್ನಿನ ಕಂಪನಿಗೆ ಅದರಲ್ಲಿ ಮೀನು ನಾರಿತು.
ಬಾಲ ಕತ್ತರಿಸಿ, ಒಂದಕ್ಷರ ಅಂಟಿಸಿ
ಕೋಡ್ ಅಂದರು.
ತಲೆಗೆ ಕೋಡು ಮೂಡುವಷ್ಟು ದುಡ್ಡೇನೂ ಬರಲಿಲ್ಲ;
ಬಾಡಿಗೆಯ ಚರ್ಮದ ಜಾಕೆಟ್ಟು ಬಂತು,
ಪೋಸ್ಟರು ಬಂತು, ಅದರಲ್ಲಿ ಯಾರೂ ನಗಬಾರದಿತ್ತು.

ಹಾಡು ಐದು ನಿಮಿಷ ಐವತ್ತೆಂಟು ಸೆಕೆಂಡು.
ರೇಡಿಯೊ ಕೇಳಿದ್ದು ಮೂರು ಹದಿನೆಂಟು.
ಪೆವರೆಲ್ ಸ್ಟಾಪ್‌ವಾಚ್ ಹಿಡಿದು ಕಣ್ಣು ಮುಚ್ಚಿದ.
ಕೆಟ್ಟವನಲ್ಲ, ಕುಡಿದ ಲೋಟ ತಾನೇ ತೊಳೆದಿಡುತ್ತಿದ್ದ.
ಲೊರೇನಳ ಡ್ರಮ್ಮಿಗೆ ಯಂತ್ರದ ಏಟು ಬೆರೆಸಿದ,
ಗಿಟಾರನ್ನು ಪಾಯಿಖಾನೆಯಲ್ಲಿ ನುಡಿಸಿ ಗುಹೆ ಮಾಡಿದ,
ಟ್ರೆವರ್ ಬ್ಲೆಂಕಿನ್ ಸಾಲಿಗೆ ಮೊದಲು ಎಳೆಯುವ ಉಸಿರನ್ನು
ಒಂದೊಂದಾಗಿ, ಮೀನಿನ ಮುಳ್ಳು ಬಿಡಿಸಿದಂತೆ, ಬಿಡಿಸಿದ.
ಕಡೆಗೆ ಬಿಳಿ ಪೆನ್ಸಿಲ್ಲಿನಿಂದ ಎರಡು ಗೆರೆ:
"ಇಲ್ಲಿಂದ ಇಲ್ಲಿಗೆ."

ನಡುವೆ ಇದ್ದದ್ದು ಟ್ರೆವರನ ಅಪ್ಪ,
ಐಸ್‌ಲ್ಯಾಂಡಿನ ಕಡೆ ಹೋದ ಹಡಗು,
ಅಡುಗೆಮನೆಯಲ್ಲಿ ರೇಡಿಯೊ ಆರಿಸದೆ ಕೂತ ಅವ್ವ.
ನಾನು ಕತ್ತರಿಸಿದೆ. ಓರೆಯಾಗಿ, ನಲವತ್ತೈದು ಡಿಗ್ರಿ,
ಹಾಗೆ ಕತ್ತರಿಸಿದರೆ ಗಾಯ ಕೇಳಿಸುವುದಿಲ್ಲ.
ನೆಲದ ಮೇಲೆ ಇನ್ನೂರು ಅಡಿ
ಕಂದು ಕರುಳಿನಂತೆ ಬಿದ್ದಿತ್ತು.
ಕಸದ ಬುಟ್ಟಿಗೆ ಹಾಕು ಅಂದ.
ಬಿಸ್ಕತ್ತಿನ ಡಬ್ಬಿಗೆ ಹಾಕಿದೆ.

ಹಾಡು ಇಪ್ಪತ್ತಾರನೇ ಸ್ಥಾನದವರೆಗೆ ಏರಿತು.
ಜನ ಕೇಳಿದ್ದು ರೆಕಾರ್ಡಿನ ಹಾಡನ್ನೇ.
ವೇದಿಕೆಯಲ್ಲಿ ಪೂರ್ತಿ ಹಾಡಿದರೆ
ಮೂರು ಹದಿನೆಂಟಕ್ಕೆ ಚಪ್ಪಾಳೆ ಬಿದ್ದುಬಿಡುತ್ತಿತ್ತು,
ಅಪ್ಪ ಇನ್ನೂ ಬಂದರು ದಾಟಿರಲಿಲ್ಲ.
ಕೊನೆಗೆ ಅವರೇ ರೆಕಾರ್ಡು ತಿರುಗಿಸಿ ತಿರುಗಿಸಿ
ತಮ್ಮ ಹಾಡನ್ನು ಕಲಿತರು.
ಲೊರೇನ್ ಯಂತ್ರದಂತೆ ಬಡಿಯಲು
ಆರು ವಾರ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡಳು.
ಟ್ರೆವರ್ ಉಸಿರು ಎಳೆಯುವಾಗ
ಮೈಕಿನಿಂದ ಮುಖ ತಿರುಗಿಸಿಕೊಳ್ಳತೊಡಗಿದ.

ನಲವತ್ತು ವರ್ಷ.
ಈಗ ಯಾರೋ ಹುಡುಗರು, ಹೊಸ ಕಂಪನಿ:
ಕಳೆದುಹೋದ ಚರಣ ನಿಮ್ಮ ಹತ್ತಿರ ಇದೆಯಂತೆ,
ಕಳೆದುಹೋದದ್ದು ಚೆನ್ನಾಗಿ ಮಾರಾಟವಾಗುತ್ತದೆ,
ಮೊದಲು ಹದಿನೈದು ಸೆಕೆಂಡು ಕೊಡಿ, ಫೋನಿಗೆ.

ಹಳೇ ಟೇಪು ಅಂಟಂಟು. ಹದವಾಗಿ ಬೇಯಿಸಬೇಕು.
ಹಣ್ಣು ಒಣಗಿಸುವ ಪೆಟ್ಟಿಗೆಯಲ್ಲಿ ಎಂಟು ಗಂಟೆ,
ಮಗು ಮಲಗಿದ ಮನೆಯಂತೆ ಬಾಗಿಲು ತೆರೆದು ನೋಡುತ್ತ.
ಟ್ರೆವರನನ್ನೂ ಕರೆದೆ. ಮಂಡಿ ನೋವು, ಕೋಲು ಹಿಡಿದು ಬಂದ.

ನಿಜ ಹೇಳಬೇಕೆಂದರೆ ಅದು ಅಷ್ಟೇನೂ ಚೆನ್ನಾಗಿಲ್ಲ.
ಎರಡು ಕಡೆ ಶ್ರುತಿ ಜಾರಿದೆ,
ಅವ್ವನಿಗೆ ಹೊಂದಿಸಿದ ಪ್ರಾಸ ಮೊಂಡು.
ಆದರೆ ಸಾಲಿಗೊಂದು ಉಸಿರಿದೆ, ಒದ್ದೆ, ಇಪ್ಪತ್ತೆರಡರ ಹರೆಯದ್ದು,
ಹಿಂದೆಲ್ಲೋ ನಾನು ಲೋಟ ಇಟ್ಟ ಸದ್ದು.

ಟ್ರೆವರ್ ತುಟಿ ಅಲ್ಲಾಡಿಸುತ್ತ ಜೊತೆಗೆ ಹಾಡಲು ನೋಡಿದ.
ಪದ ಬರಲಿಲ್ಲ.
ಗೆರೆ ಎಳೆದ ಜಾಗ ಬಂದದ್ದೇ ಅವನ ಬಾಯಿ
ತಾನಾಗಿ ಪಲ್ಲವಿಗೆ ಹಾರಿತು,
ಅಪ್ಪ ಸ್ಪೀಕರಿನಲ್ಲಿ ಒಬ್ಬನೇ ಮುಂದೆ ಹೋದ.

ಹೆಡ್ಡಿನ ಮೇಲೆ ಕಂದು ಪುಡಿ ಉದುರಿತ್ತು.
ಹತ್ತಿಯಲ್ಲಿ ಒರೆಸಿ ತೋರಿಸಿದೆ.
"ಇದು ಯಾವ ಸಾಲು?" ಅಂದ.